ಪುಕ್ಕಟೆ ಕಾವಲುಗಾರರೂ ಒಂದು ಬ್ಲೌಸ್ ಪೀಸೂ

ಚಾಮರಾಜಪೇಟೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಒಬ್ಬ ಕಳ್ಳನೂ ಹೊಸಿಲು ದಾಟಿಲ್ಲ. ಹಾಲಿನವನು ಬಂದರೂ ಕಿಟಕಿಯಿಂದ ಇಣುಕಿ, "ಯಾರದು?" ಎಂದು ಕೇಳಿ, ಗೊತ್ತಿದ್ದೂ ಇನ್ನೊಂದು ಸಲ ಕೇಳಿ, ಆಮೇಲೆ ಚಿಲಕ ತೆಗೆಯುವವಳು ನಾನು. ಅಂಥವಳ ಮನೆಯ ಕಂಪ್ಯೂಟರಿಗೆ ವೈರಸ್ ನುಗ್ಗುವುದೆಂದರೇನು! "ನಾನಿರೋವರೆಗೂ ಇದರೊಳಗೆ ಒಂದು ಸೊಳ್ಳೇನೂ ಹೋಗ್ಕೂಡ್ದು!" ಎಂದು ನಡುಮನೆಯಲ್ಲಿ ನಿಂತು ಶಪಥ ಮಾಡಿದೆ.

ನನ್ನ ಯಜಮಾನರು ನಂಜುಂಡಯ್ಯನವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ಸೊಳ್ಳೆ ಬತ್ತಿ ಹಚ್ಚಿಡು" ಎಂದರು.

ಇವರು ಕಾಟನ್‌ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದವರು. ಜೀವಮಾನವೆಲ್ಲ ಹೆಂಗಸರ ಜೊತೆ ಮಾತಾಡಿ ದಣಿದು, ಈಗ ಮನೆಯಲ್ಲಿ ಅರ್ಧ ಮಾತಿಗೆ ಇಳಿದಿದ್ದಾರೆ. ಅವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಉಳಿದ ಎಲ್ಲರ ಮಾತನ್ನೂ ಹಾಕಿಕೊಳ್ಳುತ್ತೇನೆ. ಅಲ್ಲೇ ಎಡವಿದ್ದು ನೋಡಿ!

ಕಂಪ್ಯೂಟರ್ ನಮ್ಮ ಮೊಮ್ಮಗಳು ಯಶಶ್ರೀಯದು. ಅವಳು ಕಾಲೇಜಿಗೆ ಹೊಸದು ಕೊಂಡ ಮೇಲೆ ಹಳೆಯದು ನನ್ನ ಪಾಲಿಗೆ ಬಂತು. ನನಗೆ ಅದು ಬೇಕಾಗಿದ್ದದ್ದು ವಚನ ಹಾಡುವುದಕ್ಕೆ. ಮಲ್ಲೇಶ್ವರದ ಸಂಘವೊಂದು ಭಾನುವಾರ ಭಾನುವಾರ ಮನೆಯಲ್ಲಿ ಹಾಡುವವರನ್ನು ವಿಡಿಯೋದಲ್ಲಿ ಕೂರಿಸಿ ಹಾಡಿಸುತ್ತದೆ. ಕೇಳಿ ಮೆಚ್ಚಿದರೆ ತಮ್ಮ ವಾರ್ಷಿಕೋತ್ಸವದ ವೇದಿಕೆಗೆ ಕರೆಯುತ್ತದೆ. ನನ್ನ ಓದು ಮೂರನೇ ಕ್ಲಾಸಿಗೇ ಮುಗಿದುಹೋಗಿತ್ತು. ನನಗೆ ಬರುವ ವಚನವೆಲ್ಲ ಕಿವಿಯಿಂದ ಬಂದದ್ದು. ಅತ್ತೆ ಹಾಡುತ್ತಿದ್ದರು, ನಾನು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ಬದುಕೆಲ್ಲ ಕೇಳಿದ್ದಾಯಿತು, ಒಂದು ಸಲ ನನ್ನದನ್ನೂ ನಾಲ್ಕು ಜನ ಕೇಳಲಿ ಎಂಬ ಆಸೆ. ಬರುವ ಭಾನುವಾರ ನಮ್ಮ ಸರದಿ! ಆ ಹೊತ್ತಿಗೆ ವೈರಸ್ ಬಂದು ಕೂತರೆ ಗತಿಯೇನು?

ಯಶಶ್ರೀಯನ್ನು ಕೇಳಿದೆ. "ಅಜ್ಜೀ, ಕಂಪ್ಯೂಟರ್ ಜೊತೇಲೇ ಕಾವಲು ಬಂದಿರತ್ತೆ. ನಿನಗೆ ಅದೇ ಸಾಕು. ಅಪ್‌ಡೇಟ್ ಕೇಳಿದ್ರೆ ಹೂಂ ಅನ್ನು, ಗೊತ್ತಿಲ್ಲದ್ದನ್ನ ಒತ್ಬೇಡ. ಮುಗೀತು" ಎಂದು ಪರೀಕ್ಷೆಗೆ ಓದಲು ತನ್ನ ಕೋಣೆಗೆ ಹೊರಟುಹೋದಳು.

ನನಗೆ ಸಮಾಧಾನವಾಗಲಿಲ್ಲ. "ಏನ್ರೀ, ಜೊತೇಲಿ ಬಂದಿದ್ದಂತೆ! ಸೀರೆ ಜೊತೇಲಿ ಬರೋ ಬ್ಲೌಸ್ ಪೀಸ್ ಇದ್ದಂಗೆ. ಅದು ಯಾವತ್ತಾದ್ರೂ ಮೈಗೆ ಸಾಲತ್ತಾ?"

ಅಂಗಡಿಯ ವಿಷಯ ಬಂದದ್ದರಿಂದ ಇವರು ಪೇಪರ್ ಇಳಿಸಿದರು. "ಲೇ, ಸೀರೆ ನೇಯುವಾಗ್ಲೇ ಅದನ್ನೂ ಜೊತೇಲಿ ನೇಯ್ದಿರ್ತಾರೆ ಕಣೆ. ಪೇಟೆಯೆಲ್ಲ ಸುತ್ತಿದ್ರೂ ಅದರಷ್ಟು ಮ್ಯಾಚಿಂಗ್ ಸಿಗಲ್ಲ. ಸಾಲಲ್ಲ ಅಂದ್ರೆ ತಪ್ಪು ಪೀಸಿಂದಲ್ಲ, ತೋಳಿಂದು."

ನನ್ನ ತೋಳಿನ ಮಾತು ಎತ್ತಿದವರ ಸಲಹೆ ಯಾರಿಗೆ ಬೇಕು? ಸೀದಾ ಪಕ್ಕದ ಮನೆಗೆ ಹೋದೆ.

ಪಕ್ಕದ ಮನೆಯ ಶಿವಕುಮಾರಿ ನನ್ನ ಜೊತೆ ಹಾರ್ಮೋನಿಯಂ ನುಡಿಸಿ ಹಾಡುವವಳು. ಅವಳ ಕಂಠ ಜೋರು. ಅವಳು ಮನೆಯೊಳಗೆ ಹಾಡಿದರೆ ಬೀದಿಯಲ್ಲಿ ಸೊಪ್ಪಿನವನು ತನ್ನನ್ನೇ ಕರೆದರೆಂದು ನಿಲ್ಲುತ್ತಾನೆ. "ಅಯ್ಯೋ ಮಹಾನಂದಕ್ಕ, ಜೊತೇಲಿ ಬಂದಿದ್ದನ್ನ ನಂಬ್ಕೊಂಡು ಕೂತಿದೀರಾ? ನಮ್ಮನೇಲಿರೋದು ಹಾಕ್ಸಿ. ಪೂರ್ತಿ ಫ್ರೀ! ಕಳ್ಳ ಬಂದ್ರೆ ಬಾಯಿಬಿಟ್ಟು ಕೂಗಿ ಹೇಳತ್ತೆ!" ಎಂದಳು. ಕೂಗಿ ಹೇಳುವ ಕಾವಲು! ಅದೂ ಪುಕ್ಕಟೆ! ಅವಳೇ ಬಂದು ಒತ್ತಬೇಕಾದ್ದನ್ನೆಲ್ಲ ಒತ್ತಿ, ಕಾಫಿ ಕುಡಿದು ಹೋದಳು.

ಸಂಜೆ ಮೇಲಿನ ಮನೆಯ ಬಾಡಿಗೆಯವರು ರಾಮಾಂಜಿನಪ್ಪ ನೀರಿನ ಮೋಟರ್ ಹಾಕಲು ಇಳಿದು ಬಂದರು. ಕಂಪ್ಯೂಟರ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವರಿಗೆ ಮೋಟರೂ ಮರೆತುಹೋಗುತ್ತದೆ. "ಶಿವಕುಮಾರಮ್ಮನೋರು ಹಾಕಿರೋದಾ? ಅದು ಮಕ್ಕಳಾಟ ಅಮ್ಮಾ! ನಂದು ಹಾಕ್ಕೊಡ್ತೀನಿ, ನೋಡಿ. ಅದೂ ಫ್ರೀ. ಇರುವೆ ಹೋದ್ರೂ ಹಿಡಿಯತ್ತೆ."

"ಹಾಗಾದ್ರೆ ಮೊದಲಿಂದನ್ನ ತೆಗೀಬೇಕಾ?"

"ತೆಗೆದ್ರೆ ಒಳ್ಳೇದು."

ತೆಗೆಯುವುದು ಹೇಗೆ? ನಾಳೆ ಶಿವಕುಮಾರಿ ಬಂದು, "ಎಲ್ಲಕ್ಕಾ ನಂದು?" ಎಂದು ಕೇಳಿದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ? ಅರಿಶಿನ ಕುಂಕುಮಕ್ಕೆ ಇಬ್ಬರು ಕರೆದ ಮೇಲೆ ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆ ಬಿಡುವುದುಂಟೇ? ಎರಡು ಕಡೆಯೂ ಹೋಗಬೇಕು, ಎರಡು ಕಡೆಯೂ ಎಲೆ ಅಡಿಕೆ ತರಬೇಕು. "ಎರಡೂ ಇರ್ಲಿ ಬಿಡಿ. ಯಾರಿಗೂ ಬೇಜಾರು ಬೇಡ" ಎಂದೆ.

"ಎರಡು ಇದ್ರೆ ಸ್ವಲ್ಪ ನಿಧಾನ ಆಗ್ಬಹುದು."

"ನಂಗೇನು ರೈಲಿಗೆ ಹೊತ್ತಾಗಿದ್ಯಾ?" ಎಂದು ಹೇಳಿ ಅವರಿಗೂ ಕಾಫಿ ಕೊಟ್ಟೆ.

ನಿಧಾನ ಎಂದರೆ ಎಂಥ ನಿಧಾನ! ಬೆಳಿಗ್ಗೆ ಗುಂಡಿ ಒತ್ತಿ, ಕುಕ್ಕರಿಗೆ ಬೇಳೆ ಇಟ್ಟು, ಸ್ನಾನ ಪೂಜೆ ಮುಗಿಸಿ ಬಂದರೆ ಕಂಪ್ಯೂಟರ್ ಆಗ ತಾನೆ ಕಣ್ಣು ಬಿಡುತ್ತಿತ್ತು. ಒಳಗಿಂದ ಗುರ್ ಎಂದು ಸದ್ದು, ಹೊರಗೆ ಕೈಯಿಟ್ಟರೆ ಕಾದ ಕಾವಲಿ. ಒಂದು ಮೂಲೆಯಿಂದ ಹಸಿರು ಪೆಟ್ಟಿಗೆ ಹಾರಿ ಬಂದರೆ, ಇನ್ನೊಂದು ಮೂಲೆಯಿಂದ ಕಿತ್ತಳೆ ಪೆಟ್ಟಿಗೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ವಾರಗಿತ್ತಿಯರನ್ನು ಬಿಟ್ಟ ಹಾಗಾಗಿತ್ತು. "ಕಾವಲು ಅಂದ್ಮೇಲೆ ಇಷ್ಟು ಓಡಾಟ ಇದ್ದೇ ಇರತ್ತೆ" ಎಂದು ನಾನು ಹೆಮ್ಮೆಯಿಂದಲೇ ನೋಡುತ್ತಿದ್ದೆ.

ಭಾನುವಾರ ಬಂತು. ನಾನು ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಕೂತೆ. ಪಕ್ಕದಲ್ಲಿ ಹಾರ್ಮೋನಿಯಂ ಸಮೇತ ಶಿವಕುಮಾರಿ. ಯಂತ್ರಕ್ಕೇನಾದರೂ ಆದರೆ ನೋಡಿಕೊಳ್ಳಲು ರಾಮಾಂಜಿನಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದರು. ಇವರು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಪರದೆಯ ಮೇಲೆ ಸಂಘದ ಆರಾಧನಾ ಎಂಬ ಹೆಣ್ಣುಮಗಳು ಕೈ ಮುಗಿದು, "ಚಾಮರಾಜಪೇಟೆಯ ಅಮ್ಮನವರು ಶುರು ಮಾಡಬಹುದು" ಎಂದಳು.

ಶುರು ಮಾಡಿದೆ. ಮೊದಲ ಸಾಲು ಹೋಯಿತು. ಎರಡನೆಯದೂ ಹೋಯಿತು. ಪರದೆಯಲ್ಲಿ ಯಾರೋ ತಲೆದೂಗುತ್ತಿದ್ದರು! ಎದೆ ತುಂಬಿ ಬಂತು. ಮೂರನೆಯ ಸಾಲನ್ನು ಶಿವಕುಮಾರಿ ಎತ್ತಿಕೊಳ್ಳಬೇಕು. ಅವಳು ಕಣ್ಣು ಮುಚ್ಚಿ, ಬಾಯಿ ತೆರೆದಳು.

"ಥ್ರೆಟ್ ಡಿಟೆಕ್ಟೆಡ್!" ಎಂದು ಕಂಪ್ಯೂಟರ್ ಕೂಗಿತು.

ಹಾರ್ಮೋನಿಯಂ ಉಸಿರು ಬಿಟ್ಟಿತು. "ಏನಕ್ಕಾ ಅಂದಿದ್ದು ಅದು?"

ರಾಮಾಂಜಿನಪ್ಪನವರು ಕೂತಲ್ಲಿಂದಲೇ ಅರ್ಥ ಹೇಳಿದರು. "ಏನೋ ಅಪಾಯ ಕಂಡಿದೆಯಂತೆ."

"ನಾನು ಬಾಯಿ ತೆರೆದಾಗ್ಲೇ ಅಪಾಯ ಕಾಣ್ಬೇಕಾ?" ಎಂದಳು ಶಿವಕುಮಾರಿ.

"ನಿನ್ನದೇ ಅಲ್ವೇನೇ ಅದು, ಕೂಗಿ ಹೇಳತ್ತೆ ಅಂತ ನೀನೇ ಹಾಕ್ಸಿದ್ದು! ಹಾಡು, ಹಾಡು" ಎಂದು ನಾನು ಪಿಸುಗುಟ್ಟಿದೆ.

ಅವಳು ಮತ್ತೆ ಎತ್ತಿಕೊಂಡಳು. "ಥ್ರೆಟ್ ಡಿಟೆಕ್ಟೆಡ್!" ಈ ಸಲ ರಾಮಾಂಜಿನಪ್ಪನವರ ಕಾವಲೂ ಸುಮ್ಮನಿರದೆ ಟಣ್ ಟಣ್ ಎಂದು ಗಂಟೆ ಬಾರಿಸಿತು. ಹಸಿರು ಪೆಟ್ಟಿಗೆ ಬಂದು ಆರಾಧನಾಳ ಮುಖ ಮುಚ್ಚಿತು. ಕಿತ್ತಳೆ ಪೆಟ್ಟಿಗೆ ಬಂದು ಹಸಿರನ್ನು ಮುಚ್ಚಿತು. ಎರಡನ್ನೂ ಓಡಿಸಲು ನಾನು ಸಿಕ್ಕಿದ್ದನ್ನೆಲ್ಲ ಒತ್ತಿದೆ. ಪರದೆ ಗಕ್ಕೆಂದು ನಿಂತಿತು! ಮೂಲೆಯಲ್ಲಿ ನನ್ನದೇ ಚಿತ್ರ, ಇಡೀ ಪುರಿ ಉಂಡೆ ನುಂಗಲು ಹೊರಟವಳಂತೆ ಬಾಯಿ ತೆರೆದು ಅಲ್ಲಾಡದೆ ಕೂತಿತ್ತು.

ಹೋಯಿತು. ನನ್ನ ಸರದಿ ಹೋಯಿತು. ಅವರ ಮುಂದೆ ಅಳಬಾರದೆಂದು ಎದ್ದು ಹೊರಗೆ ಜಗುಲಿಗೆ ಬಂದೆ. ಇಬ್ಬರೂ ಹಿಂದೆಯೇ ಬಂದರು, ಅಲ್ಲೇ ಯುದ್ಧ ಶುರುವಾಯಿತು.

"ನಿಮ್ಮದು ಬಂದ್ಮೇಲೇ ಹಾಳಾಗಿದ್ದು ರೀ!"

"ನಿಮ್ಮದನ್ನ ತೆಗೀರಿ ಅಂತ ಅವತ್ತೇ ಹೇಳಿದ್ದೆ ಅಮ್ಮಾ!"

ಆ ಗಲಾಟೆಗೆ ಬೀದಿಯಲ್ಲಿ ಸೊಪ್ಪಿನವನೂ ನಿಂತ. ಬಾಗಿಲಲ್ಲಿ ಯಶಶ್ರೀ ಕಾಣಿಸಿಕೊಂಡು, ತುಟಿಯ ಮೇಲೆ ಬೆರಳಿಟ್ಟು, "ಶ್!" ಎಂದು ಕಣ್ಣರಳಿಸಿದಳು. ಓದುವ ಮಗುವಿಗೆ ತೊಂದರೆಯಾಯಿತೆಂದು ನಾನು ಇಬ್ಬರನ್ನೂ ಸಾಗಹಾಕಿದೆ.

ಮಧ್ಯಾಹ್ನ ಅವಳೇ ಕೂತು ಎರಡನ್ನೂ ತೆಗೆದುಹಾಕಿದಳು. "ಇವೆರಡೂ ಒಂದನ್ನೊಂದು ಕಳ್ಳ ಅಂತ ಹಿಡೀತಾ ಇದ್ವು ಅಜ್ಜಿ. ಒಳಗಿದ್ದ ಕಾವಲು, ಹೊರಗಿನವ್ರು ಬಂದ್ರಲ್ಲಾ ಅಂತ ಪಕ್ಕಕ್ಕೆ ಸರಿದು ಸುಮ್ನೆ ಕೂತಿತ್ತು. ಈಗ ನೋಡು, ಇವು ಹೋಗ್ತಿದ್ದಂಗೆ ತಾನೇ ಎದ್ದು ಕೆಲಸ ಮಾಡ್ತಿದೆ."

"ಇನ್ನೇನು ಕಾಯತ್ತೆ ಬಿಡು" ಎಂದೆ. ಊಟವೂ ಸೇರಿರಲಿಲ್ಲ.

ಆಗ ಫೋನ್ ಬಂತು. ಆರಾಧನಾ! ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು. "ಅಮ್ಮಾ, ನಿಮ್ಮ ವಚನ ಎಲ್ರಿಗೂ ತುಂಬಾ ಹಿಡಿಸ್ತು. ವೇದಿಕೆಗೆ ಬರ್ತೀರಲ್ಲಾ?"

"ನಮ್ಮದು ಅರ್ಧಕ್ಕೇ ನಿಂತ್ಹೋಯ್ತಲ್ಲಮ್ಮಾ!"

"ಚಿತ್ರ ನಿಂತಿತ್ತಮ್ಮ, ಧ್ವನಿ ಬರ್ತಾನೇ ಇತ್ತು. ನೀವು ಬಿಟ್ಟ ಕಡೆಯಿಂದ ಯಜಮಾನ್ರು ಎತ್ಕೊಂಡ್ರಲ್ಲಾ, ಅದೇ ರಾಗ, ಅದೇ ಎಳೆತ! ಯಾರ ಹತ್ರ ಕಲಿತ್ರು ಅವ್ರು? ನೀವಿಬ್ರೂ ಹೀಗೇ ಅರ್ಧರ್ಧ ಹಾಡ್ಬೇಕು. ಅವ್ರನ್ನ ಮಾತ್ರ ಬಿಟ್ಟು ಬರ್ಬೇಡಿ!"

ಫೋನ್ ಇಟ್ಟು ತಿರುಗಿದೆ. ಇವರು ಪೇಪರಿನ ಹಿಂದೆ ಇದ್ದರು. ಪೇಪರ್ ತಲೆಕೆಳಗಾಗಿತ್ತು.

"ನೀವು ಹಾಡಿದ್ರಾ?"

"ಆ ಹುಡುಗಿ, 'ಅಮ್ಮಾ, ಮುಂದುವರಿಸಿ, ಕೇಳಿಸ್ತಿದೆ' ಅಂತಾನೇ ಇದ್ಲು. ಗಿರಾಕಿ ನಿಂತಿರುವಾಗ ಗಲ್ಲಾ ಖಾಲಿ ಬಿಡೋಕಾಗತ್ತಾ? ಕೂತೆ."

"ನಿಮಗೆ ವಚನ ಬರತ್ತೆ ಅಂತ ಒಂದಿನಾನೂ ಹೇಳ್ಲಿಲ್ವಲ್ರೀ!"

"ನೀನು ದಿನಾ ಬೇಳೆ ಇಡುವಾಗ ಹಾಡ್ತಿದ್ದೆ, ನಾನು ಪೇಪರ್ ಓದ್ತಿದ್ದೆ. ಕಿವಿ ಮುಚ್ಕೊಂಡು ಓದೋಕಾಗಲ್ವಲ್ಲ."

ಬೀದಿಯವರ ಮಾತನ್ನೆಲ್ಲ ಕೇಳುವವಳು ನಾನೆಂದು ಬೀಗುತ್ತಿದ್ದೆನಲ್ಲ, ನನ್ನನ್ನು ಇಷ್ಟು ಕಾಲ ಒಬ್ಬರು ಕೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ! ಮೂಗು ಒರೆಸಿಕೊಂಡು, "ವೇದಿಕೆಗೆ ನೀವೇನು ಹಾಕ್ಕೋತೀರಿ?" ಎಂದೆ.

ಪೇಪರ್ ಮಡಿಸಿದರು. "ನಿನ್ನ ಸೀರೆ ಯಾವುದು, ಮೊದಲು ಅದನ್ನ ಹೇಳು. ಬ್ಲೌಸ್ ಪೀಸು ಮ್ಯಾಚ್ ಆಗ್ಬೇಕಲ್ಲ!"