ಓರಗಿತ್ತಿಗೆ ನಲವತ್ತು ಪಾಯಿಂಟು

ಮನೆಯವರಿಗೆ ಬೆಲೆ ಕಟ್ಟುವ ಕೆಲಸವನ್ನು ಯಾರೂ ಬಹಿರಂಗವಾಗಿ ಮಾಡಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ಮನಸ್ಸಿನಲ್ಲಿ ನಾವೆಲ್ಲರೂ ಕಟ್ಟುತ್ತಲೇ ಇರುತ್ತೇವೆ. ಗಂಡನಿಗೆ ಇಷ್ಟು, ನಾದಿನಿಗೆ ಇಷ್ಟು, ಹಬ್ಬಕ್ಕೆಂದು ಬಂದು ಹಬ್ಬ ಮುಗಿದರೂ ಹೊರಡದ ಚಿಕ್ಕಮಾವನಿಗೆ ಇಷ್ಟು ಎಂದು. ಚಿಂತಾಮಣಿಯ ಮಾರುಕಟ್ಟೆಯ ಟೊಮೆಟೊ ಬೆಲೆಯ ಹಾಗೆ ಅದು ಬೆಳಿಗ್ಗೆ ಒಂದಿದ್ದರೆ ಸಂಜೆಗೆ ಇನ್ನೊಂದಾಗುತ್ತದೆ. ಒಳಗೇ ಇರುವ ತನಕ ತೊಂದರೆಯಿಲ್ಲ, ಸಂಸಾರ ನಡೆಯುತ್ತದೆ. ನಾನು ಮಾತ್ರ ಅದನ್ನು ಶಾಮಿಯಾನದ ಕೆಳಗೆ, ಮೈಕಿನ ಎದುರಿಗೆ, ಬಡಾವಣೆಯ ಹೆಂಗಸರೆಲ್ಲ ನೋಡುತ್ತಿರುವಾಗ ಕೈ ಎತ್ತಿ ಎತ್ತಿ ಮಾಡಿದೆ.

ನಡೆದದ್ದು ಇಷ್ಟು. ನಮ್ಮ ಬಡಾವಣೆಯ ಮಹಿಳಾ ಸಂಘದವರಿಗೆ ರಂಗೋಲಿ ಸ್ಪರ್ಧೆ ಸಾಕಾಗಿ, ಈ ಸಲ ಥ್ರೋಬಾಲ್ ಆಡಿಸುವುದೆಂದು ತೀರ್ಮಾನವಾಯಿತು. ಸುಮ್ಮನೆ ಆಡಿಸಿದರೆ ಟಿವಿಯಲ್ಲಿ ಕ್ರಿಕೆಟ್ ನೋಡುವ ಗಂಡಸರು ನಮ್ಮನ್ನು ಹಗುರವಾಗಿ ಕಾಣುತ್ತಾರೆಂದು, ಆ ಕ್ರಿಕೆಟ್ಟಿನವರ ಹಾಗೆಯೇ ಆಟಗಾರ್ತಿಯರನ್ನು ಹರಾಜು ಹಾಕುವುದೆಂದೂ ಆಯಿತು. ಒಟ್ಟು ನಾಲ್ಕು ತಂಡ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ ಮತ್ತು ಚಿಂತಾಮಣಿ. ಆಡುವವರೆಲ್ಲ ಚಿಂತಾಮಣಿಯವರೇ, ಹೆಸರು ಮಾತ್ರ ಬೇರೆ ಬೇರೆ. ನಾನು ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರಮ್ಮ. ನನ್ನ ಗಂಟಲು ಮೈದಾನದ ಆ ತುದಿಗೂ ಕೇಳುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಒಂದು ತಂಡಕ್ಕೆ ನಾಯಕಿ ಮಾಡಿದರು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಗೌರಿಬಿದನೂರು ಬಂತು. ಆ ಊರಿಗೂ ನನಗೂ ಯಾವುದೋ ಮದುವೆಯಲ್ಲಿ ಒಂದು ಊಟದಷ್ಟು ಪರಿಚಯ. ಚಿಂತಾಮಣಿ ಎಂಬ ಹೆಸರು ಎದುರು ಬೀದಿಯ ಅನಸೂಯಮ್ಮನವರಿಗೆ ಹೋಯಿತು. ಅವರು ಅರ್ಧ ಕಪ್ ಅಲ್ಲೇ ಗೆದ್ದವರ ಹಾಗೆ ಸೆರಗು ಸರಿಮಾಡಿಕೊಂಡರು.

ನಿಯಮ ಸರಳವಾಗಿತ್ತು. ಪ್ರತಿ ನಾಯಕಿಗೂ ನೂರು ಪಾಯಿಂಟು. ಅಷ್ಟರಲ್ಲೇ ಆರು ಜನರನ್ನು ಕೊಳ್ಳಬೇಕು, ಏಳನೆಯವಳು ನಾಯಕಿ. ಒಬ್ಬೊಬ್ಬರ ಬೆಲೆಯೂ ಎರಡು ಪಾಯಿಂಟಿನಿಂದ ಶುರು. ದುಡ್ಡಿದ್ದವರೇ ಒಳ್ಳೆಯ ಆಟಗಾರ್ತಿಯರನ್ನೆಲ್ಲ ಬಾಚಿಕೊಂಡು ಹೋಗಬಾರದು, ಎಲ್ಲರಿಗೂ ಗೆಲ್ಲುವ ಅವಕಾಶ ಒಂದೇ ಸಮ ಇರಬೇಕು ಎಂಬುದು ಸಂಘದವರ ಉದ್ದೇಶ. ನಾನು ಕೂಡಲೇ ಒಂದು ಲೆಕ್ಕ ಹಾಕಿಕೊಂಡೆ. ನಮ್ಮ ಬಡಾವಣೆಯಲ್ಲಿ ಶಬಾನಾ ಎಂಬ ನರ್ಸ್ ಇದ್ದಾಳೆ. ಎತ್ತರದ ಹುಡುಗಿ, ಓದುವಾಗ ಕಾಲೇಜು ತಂಡದಲ್ಲಿದ್ದವಳು. ಅವಳು ಎಸೆದ ಚೆಂಡನ್ನು ಹಿಡಿಯುವುದಿರಲಿ, ಅದರ ದಾರಿಯಲ್ಲಿ ನಿಲ್ಲುವುದಕ್ಕೂ ಧೈರ್ಯ ಬೇಕು. ಮುಕ್ಕಾಲು ಪಾಲು ಪಾಯಿಂಟು ಹೋದರೂ ಸರಿ, ಶಬಾನಾಳನ್ನು ಬಿಡಬಾರದು, ಉಳಿದವರು ಯಾರಾದರೇನು ಎಂದು ಗಟ್ಟಿಮಾಡಿಕೊಂಡು ಶಾಮಿಯಾನದಲ್ಲಿ ಕೂತೆ.

ಆದರೆ ಚೀಟಿಯಲ್ಲಿ ಮೊದಲು ಬಂದ ಹೆಸರು ಸುನಂದಕ್ಕನದು. ಸುನಂದಕ್ಕ ನನ್ನ ಓರಗಿತ್ತಿ, ದೊಡ್ಡವರು. ಅವರು ಕೆಳಗಿನ ಮನೆ, ನಾವು ಮೇಲಿನ ಮನೆ. ನೀರಿನ ಸಂಪು, ಮೋಟಾರು, ಕರಿಬೇವಿನ ಗಿಡ ಎಲ್ಲ ಒಂದೇ. ಅವರಿಗೆ ಚೆಂಡಾಟದ ಮೇಲೆ ಎಷ್ಟು ಆಸೆಯೋ ಚೆಂಡಿಗೆ ಅವರ ಕೈಯ ಮೇಲೆ ಅಷ್ಟೇ ಅಸಡ್ಡೆ. ಎಸೆದದ್ದು ಎದೆಗೆ ತಾಗಿ ಕೆಳಗೆ ಬಿದ್ದ ಮೇಲೆ ಅವರ ಎರಡೂ ಕೈ ಒಂದಾಗುತ್ತವೆ. ನಾನು ಎರಡು ಪಾಯಿಂಟಿಗೆ ಕೈ ಎತ್ತಿದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅನಸೂಯಮ್ಮ ನಾಲ್ಕು ಎಂದರು. ನನಗೆ ಆಶ್ಚರ್ಯವಾಯಿತು. ಆರು ಎಂದೆ. ಚಿಕ್ಕಬಳ್ಳಾಪುರದ ನಾಯಕಿ ಹತ್ತು ಎಂದಳು. ಸುನಂದಕ್ಕ ಮೂರನೆಯ ಸಾಲಿನಲ್ಲಿ ಕೂತು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡುತ್ತಿದ್ದರು. ಅವರ ಮುಖ ಅರಳುತ್ತಾ ಹೋಯಿತು. ಆ ಮುಖವನ್ನು ನೋಡಿಕೊಂಡು ಯಾರು ಕೈ ಇಳಿಸುತ್ತಾರೆ? ಇಪ್ಪತ್ತಾಯಿತು, ಮೂವತ್ತಾಯಿತು. ನಲವತ್ತು ಎಂದು ನಾನು ಕೂಗಿದಾಗ ಅವರಿಬ್ಬರೂ ಒಟ್ಟಿಗೆ ಸುಮ್ಮನಾದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಶಬಾನಾಳ ಹೆಸರು ಬಂದಾಗ ನನ್ನ ಹತ್ತಿರ ಉಳಿದದ್ದು ಅರವತ್ತು, ಬೇಕಾದವರು ಇನ್ನೂ ಐದು ಜನ. ಅರವತ್ತೈದಕ್ಕೆ ಅವಳು ಅನಸೂಯಮ್ಮನ ಪಾಲಾದಳು. ನಾನು ಸಾಧಾರಣವಾಗಿ ಆಡುವ ಐವರನ್ನು ಹತ್ತು, ಹನ್ನೆರಡರಂತೆ ಕೊಂಡುಕೊಂಡು, ತಲೆ ಬಗ್ಗಿಸಿ ಮನೆಗೆ ಬಂದೆ.

ಮನೆಯಲ್ಲಿ ಹಬ್ಬ. ಸುನಂದಕ್ಕ ತವರಿಗೆ ಫೋನು ಮಾಡಿ ತಮ್ಮ ಬೆಲೆ ಹೇಳಿದರು. ಹಾಲಿನವನಿಗೂ ಹೇಳಿದರು. ಕಾಂಪೌಂಡಿನಲ್ಲಿ ಚೆಂಡನ್ನು ಗೋಡೆಗೆ ಎಸೆದು ಹಿಡಿಯುವ ಅಭ್ಯಾಸ ಶುರುವಾಗಿ, ಕರಿಬೇವಿನ ಗಿಡದ ಒಂದು ರೆಂಬೆ ಹೋಯಿತು. ಎಲ್ಲ ಒಂದು ದಾರಿಗೆ ಬರುತ್ತಿತ್ತೋ ಏನೋ, ಭಾವ ಬಾಯಿ ಬಿಡದಿದ್ದರೆ. ಭಾವನಿಗೆ, ಎಂದರೆ ಸುನಂದಕ್ಕನ ಗಂಡನಿಗೆ, ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಪಳಗಿದವರು. ಊಟಕ್ಕೆ ಕೂತಾಗ ನನ್ನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಸಾರು ಕಲಸುತ್ತಾ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಅಂದರು: "ಅಲ್ಲಮ್ಮ ವತ್ಸಲ, ನೀನು ಇವಳನ್ನ ಬಿಟ್ಟು ಮನೆಗೆ ಬರೋಕಾಗಲ್ಲ ಅಂತ ಅವ್ರಿಗೆ ಗೊತ್ತು. ಅದಕ್ಕೇ ಇಬ್ರೂ ಸೇರ್ಕೊಂಡು ಏರಿಸವ್ರೆ." ಸುನಂದಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಭಾವನಿಗೆ ತಾನೇನು ಹೇಳಿದೆ ಎಂದು ಹೊಳೆದದ್ದು ಮಜ್ಜಿಗೆ ಹೊತ್ತಿಗೆ.

ಮಾರನೆಯ ದಿನ ಭಾನುವಾರ. ಅವರೆಕಾಯಿ ಕಾಲ. ನೆನೆಸಿದ ಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ಹಿದುಕುತ್ತಾ ಕೂತೆವು. ಅವರು ಹಿದುಕಿದ ರಭಸಕ್ಕೆ ಒಂದೊಂದು ಕಾಳು ಬಾಗಿಲು ದಾಟಿ ಹೋಗುತ್ತಿತ್ತು. ಕೊನೆಗೆ ತಲೆ ಎತ್ತದೆ ಕೇಳಿದರು.

"ನಿಜ ಹೇಳು ಕಣೇ. ನಾನು ಆಡ್ತೀನಿ ಅಂತ ತಗೊಂಡ್ಯಾ, ಮನೇಲಿ ರಗಳೆ ಬೇಡ ಅಂತ ತಗೊಂಡ್ಯಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ಮೇಲೆ ಸಿದ್ಧವಾಗಿಯೂ ಇತ್ತು. ಆದರೆ ಕರಿಬೇವಿನ ರೆಂಬೆ ಮುರಿದದ್ದನ್ನು ನೋಡಿದ ಮೇಲೆ ಆಟ ಚೆನ್ನಾಗಿದೆ ಎನ್ನಲು ಬಾಯಿ ಬರಲಿಲ್ಲ. "ರಗಳೆ ಬೇಡ ಅಂತಾನೆ, ಅಕ್ಕ" ಎಂದೆ.

ಅವರು ನಾಲ್ಕು ಕಾಳು ಹಿದುಕಿದರು. "ಅವ್ರು ನಲವತ್ತಕ್ಕೆ ನಿಲ್ಲಿಸ್ದೆ ಏರಿಸ್ತಾನೇ ಹೋಗಿದ್ರೆ?"

"ನಾನೂ ಹೋಗ್ತಿದ್ದೆ."

"ಎಲ್ಲೀವರ್ಗೂ?"

ಮಿಕ್ಕ ಐದು ಜನಕ್ಕೆ ಎರಡೆರಡು ಕಳೆದು ನೋಡಿದೆ. "ತೊಂಬತ್ತರವರೆಗೂ."

"ತೊಂಬತ್ತು" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಹೊರಗೆ ಬಿದ್ದಿದ್ದ ಕಾಳುಗಳನ್ನು ಎದ್ದು ಹೋಗಿ ಒಂದೊಂದಾಗಿ ಆರಿಸಿಕೊಂಡು ಬಂದರು. "ನಮ್ಮಮ್ಮನ ಮನೇಲೂ ಯಾರೂ ನನಗೆ ಅಷ್ಟು ಹಾಕ್ತಿರ್ಲಿಲ್ಲ ಬಿಡು. ಎಷ್ಟು ಗಂಟೆಗೆ ಮ್ಯಾಚು?"

ಪಂದ್ಯದಲ್ಲಿ ನಮಗೆ ಮೊದಲು ಸಿಕ್ಕಿದ್ದೇ ಅನಸೂಯಮ್ಮನ ತಂಡ. ಅವರು ಪ್ರತಿ ಚೆಂಡನ್ನೂ ಸುನಂದಕ್ಕನ ಕಡೆಗೇ ಎಸೆಯುವುದೆಂದು ಮಾತಾಡಿಕೊಂಡು ಬಂದಿದ್ದರು. ಮೊದಲ ಮೂರೂ ಅವರ ಎದೆಗೆ ತಾಗಿ ಬಿದ್ದವು. ಸುನಂದಕ್ಕ ಕೆಂಪಾದರು, ಆದರೆ ನಿಂತ ಜಾಗ ಬಿಡಲಿಲ್ಲ. ಅಕ್ಕಪಕ್ಕದ ಇಬ್ಬರು ಹೆಂಗಸರು ತಾವಾಗಿಯೇ ಒಂದೊಂದು ಹೆಜ್ಜೆ ಅವರ ಹತ್ತಿರಕ್ಕೆ ಸರಿದು ನಿಂತರು. ಆಮೇಲೆ ಅವರ ಕಡೆಗೆ ಬಂದ ಚೆಂಡು ಯಾರದಾದರೂ ಒಬ್ಬರ ಕೈ ಸೇರತೊಡಗಿತು. ಆಚೆ ಕಡೆ ಶಬಾನಾ ಒಬ್ಬಳೇ ಅಂಗಳ ತುಂಬ ಓಡಾಡಿ ಹಿಡಿದಳು, ಎಸೆದಳು, ಬೆವರಿದಳು. ಚೆಂಡು ಯಾರ ಮುಂದೆ ಬಂದರೂ ಅವರು ಅವಳ ಮುಖ ನೋಡುತ್ತಿದ್ದರು. ಅರವತ್ತೈದರವಳು ಇರುವಾಗ ಎರಡರವಳು ಯಾಕೆ ಕೈ ಒಡ್ಡಬೇಕು? ಇಬ್ಬರ ನಡುವೆ ಚೆಂಡು ಬಿದ್ದು ಬಿದ್ದು ನಾವು ಗೆದ್ದೆವು. ಆಟ ಮುಗಿದ ಮೇಲೆ ಶಬಾನಾ ನೀರಿನ ಬಾಟಲಿ ಹಿಡಿದು ನನ್ನ ಪಕ್ಕ ಬಂದು ಕೂತಳು. "ಮುಂದಿನ ವರ್ಷ ನನಗೆ ಇಷ್ಟು ರೇಟು ಮಾಡಬೇಡಿ ಮಿಸ್. ಯಾರೂ ನನ್ನ ಜೊತೆ ಆಡೋದೇ ಇಲ್ಲ" ಎಂದಳು. ಗೆದ್ದ ಖುಷಿ ನನಗೆ ಅಲ್ಲಿಗೆ ಅರ್ಧ ಇಳಿಯಿತು. ಮುಕ್ಕಾಲು ಪಾಲು ಕೊಟ್ಟು ಅವಳನ್ನು ಹಾಗೆ ಒಂಟಿಯಾಗಿ ಓಡಿಸಲು ಹೊರಟಿದ್ದವಳು ನಾನೇ ತಾನೆ.

ಕೊನೆಗೆ ಕಪ್ ಶಿಡ್ಲಘಟ್ಟದ ತಂಡಕ್ಕೆ ಹೋಯಿತು. ಅವರು ಹರಾಜಿನ ದಿನ ಸದ್ದಿಲ್ಲದೆ ಎಲ್ಲರನ್ನೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಕೊಂಡಿದ್ದರೆಂಬುದನ್ನು ನಮ್ಮಲ್ಲಿ ಯಾರೂ ಗಮನಿಸಿಯೇ ಇರಲಿಲ್ಲ. ಅವರ ಎದುರು ನಾವು ಸೋತದ್ದಕ್ಕೆ ಸುನಂದಕ್ಕ ಕಾರಣರಲ್ಲ. ಕೊನೆಯ ಐದು ಚೆಂಡು ಬಂದದ್ದು ನನ್ನ ಕೈಗೆ, ಹೋದದ್ದು ಬಲೆಗೆ.

ಮುಂದಿನ ವರ್ಷಕ್ಕೆ ಗೌರಿಬಿದನೂರಿನ ನಾಯಕಿಯಾಗಿ ಸುನಂದಕ್ಕನನ್ನು ಎಲ್ಲರೂ ಒಪ್ಪಿದ್ದಾರೆ. ಅಂದರೆ ನಾನು ಹರಾಜಿಗೆ ಬರುತ್ತೇನೆ. "ನೀನೇನೂ ಹೆದರ್ಕೋಬೇಡ, ಎರಡಕ್ಕೇ ತಗೋತೀನಿ" ಎಂದು ಅವರು ಅಭಯ ಕೊಟ್ಟರು. ಯಾರಾದರೂ ಏರಿಸಿದರೆ ಎಂದು ಕೇಳಿದೆ. ನೀನು ಆಡಿದ್ದನ್ನು ಊರೇ ನೋಡಿದೆಯಲ್ಲ ಎಂದು, ಬಹಳ ಪ್ರೀತಿಯಿಂದಲೇ ಅಂದರು. ನನಗೆ ಎರಡು ದಿನ ಸಮಾಧಾನವಾಗಲಿಲ್ಲ. ಕೊನೆಗೆ ತರಕಾರಿ ಅಂಗಡಿಯಲ್ಲಿ ಅನಸೂಯಮ್ಮ ಸಿಕ್ಕಾಗ ನಾಚಿಕೆ ಬಿಟ್ಟು, ಮುಂದಿನ ಸಲ ನನ್ನ ಹೆಸರು ಬಂದಾಗ ಸುಮ್ಮನೆ ಹತ್ತರವರೆಗಾದರೂ ಏರಿಸಿ, ಮಾನ ಉಳಿಯುತ್ತದೆ ಎಂದು ಕೇಳಿಕೊಂಡೆ. ಅವರು ಬದನೆಕಾಯಿ ಆರಿಸುವುದನ್ನು ನಿಲ್ಲಿಸಿ, ನಿಜವಾಗಿಯೂ ಯೋಚಿಸಿದರು.

"ಏರಿಸ್ತೀನಮ್ಮ, ಅದಕ್ಕೇನು. ಆದ್ರೆ ನಿಮ್ಮಕ್ಕ ಅರ್ಧಕ್ಕೆ ಕೈ ಇಳಿಸಿಬಿಟ್ರೆ, ಆಮೇಲೆ ನಿಮ್ಮನ್ನ ನಾನು ಏನು ಮಾಡ್ಲಿ?"