ಸಿದ್ದರಾಮ ಕಟ್ಟಿದ ಕಂಪ್ಯೂಟರು

ಬೈಲಹೊಂಗಲದ ಕಂಪ್ಯೂಟರ್ ಅಂಗಡಿಯಲ್ಲಿ ಸಿದ್ದರಾಮನ ಕೆಂಪು ಕಾರು ಕೊನೆಯ ತಿರುವು ದಾಟಿ, ಗೆಲುವಿನ ಗೆರೆ ಕಣ್ಣಿಗೆ ಬಿದ್ದ ಹೊತ್ತಿಗೇ ಪರದೆ ಕಪ್ಪಾಯಿತು.

"ಟೈಮ್ ಮುಗೀತ್ರಿ," ಎಂದ ಅಂಗಡಿಯವನು, ಸಾವಿನ ಸುದ್ದಿ ಮುಟ್ಟಿಸಿ ರೂಢಿಯಾದವನ ಹಾಗೆ ತಣ್ಣಗೆ. "ಇನ್ನೊಂದ ತಾಸ ಆಡಾವ್ರಿದ್ರ ಪಾಳೇಕ ನಿಲ್ರಿ."

ಯರಗಟ್ಟಿಯ ಬೀಜ-ಗೊಬ್ಬರದ ಸೊಸೈಟಿಯಲ್ಲಿ ಗುಮಾಸ್ತ, ಹಣೆತುಂಬ ವಿಭೂತಿ ಹಚ್ಚುವ ಗೃಹಸ್ಥ, ಅಂಥವನು ಕಾಲೇಜು ಹುಡುಗರ ಹಿಂದೆ ಪಾಳಿ ನಿಲ್ಲುವುದೇ? ಸಿದ್ದರಾಮ ಅಲ್ಲಿಯೇ ತೀರ್ಮಾನಿಸಿಬಿಟ್ಟ: ಸ್ವಂತ ಕಂಪ್ಯೂಟರು ಬೇಕು. ಅದೂ ಸಾದಾ ಅಲ್ಲ, ಆಟಕ್ಕೆಂದೇ ದೊಡ್ಡ ಗ್ರಾಫಿಕ್ಸ್ ಕಾರ್ಡು ಇರುವಂಥದು. ಅದನ್ನು ತನ್ನ ಕೈಯಾರೆ ತಾನೇ ಕಟ್ಟಬೇಕು.

ಬೆಳಗಾಂವಿಯ ಅಂಗಡಿಯವರು ಒಳ್ಳೆಯ ಮಾತಿನಲ್ಲೇ ಹೇಳಿದರು, "ನಾವ ಜೋಡಿಸಿ ಕೊಡ್ತೇವ್ರಿ, ಸಂಜೀಮಟ ಕುಂಡ್ರಿ."

"ಬ್ಯಾಡ್ರಿ. ಅದ್ರಾಗ ಏನೈತಿ ಮಹಾ? ನಾಕ ಸಾಮಾನ, ಎಂಟ ತಿರುಪ."

ಈ ಜ್ಞಾನ ಅವನಿಗೆ ಪೇಪರಿನ ಪುರವಣಿಯ ಅರ್ಧ ಲೇಖನದಿಂದ ಬಂದಿತ್ತು. ಇನ್ನರ್ಧದ ಮೇಲೆ ಹೆಂಡತಿ ಶೈಲಜಾ ಬಿಸಿ ಮಿರ್ಚಿ ಇಟ್ಟಿದ್ದಳು. ಎಣ್ಣೆ ಕುಡಿದ ಭಾಗದಲ್ಲಿ ಏನಿತ್ತೆಂಬುದು ಮಿರ್ಚಿಗೇ ಗೊತ್ತು. ಕಾರ್ಡಿನ ಜೊತೆ ಬಂದ ಪುಸ್ತಕವನ್ನು ಅವನು ಬಿಡಿಸಲೂ ಇಲ್ಲ. ಪುಸ್ತಕ ಕೊಡುವುದು ತಿಳಿಯದವರಿಗಾಗಿ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ಡಬ್ಬಿಗಳನ್ನು ಬಿಚ್ಚಿ, ಸಿದ್ದರಾಮ ಪೂಜೆಗೆ ಕೂತವನಂತೆ ಕೂತ. ಮುರಗೋಡದಿಂದ ಬಂದಿದ್ದ ಅತ್ತೆ ಕೆಂಪವ್ವ ಅಡಿಕೆ ಕತ್ತರಿಸುತ್ತ ಎದುರಿಗೇ ಕೂತಳು. ಪಕ್ಕದ ಮನೆಯ ಶಂಕ್ರೆಪ್ಪ ಕರೆಯದೆಯೇ ಬಂದ. ಇಡೀ ನೌಕರಿಯುದ್ದಕ್ಕೂ ಕರೆಂಟಿನ ಬಿಲ್ಲು ಹಂಚಿ ನಿವೃತ್ತನಾದ ಆತ, ಆ ಕಾರಣಕ್ಕೇ ಕರೆಂಟಿನ ಪೂರ್ತಿ ಶಾಸ್ತ್ರ ತನಗೆ ತಿಳಿದಿದೆಯೆಂದು ನಂಬಿದ್ದ.

ಮೊದಲು ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂತಿತು. ಅದರ ಮೇಲೆ ಬಿಸಿ ಇಳಿಸಲೆಂದು ಬೇಳೆಯಷ್ಟು ಹಚ್ಚಬೇಕಾದ ಪೇಸ್ಟನ್ನು ಸಿದ್ದರಾಮ ರೊಟ್ಟಿಗೆ ಬೆಣ್ಣೆ ಸವರಿದಂತೆ ಟ್ಯೂಬು ಖಾಲಿಯಾಗುವವರೆಗೆ ಸವರಿದ.

"ಅಳ್ಯಾರ, ಆ ಹಸರ ಪಟ್ಟಿ ಏನ್ರಿ?" ಕೆಂಪವ್ವ ಕೇಳಿದಳು.

"ರ‍್ಯಾಮ್‌ರಿ ಅತ್ತಿ."

"ಅಯ್ಯ ನಮ್ಮಪ್ಪ! ನಿಮ್ಮ ಹೆಸರ ಇಟ್ಟಾರಲ್ರಿ ಕಂಪನ್ಯಾವ್ರು!" ಎಂದವಳೇ ದೇವರ ಗೂಡಿನಿಂದ ವಿಭೂತಿ ತಂದು ಅದಕ್ಕೆ ಮೂರು ಬೆರಳಲ್ಲಿ ಎಳೆದಳು. ಸಿದ್ದರಾಮ ಅದನ್ನು ಪಂಚೆಯ ಚುಂಗಿನಿಂದ ಒರೆಸಿ ಒರೆಸಿ ಕೂರಿಸುವಷ್ಟರಲ್ಲಿ ಬೆವರಿಳಿಯಿತು.

ಕೊನೆಗೆ ಗ್ರಾಫಿಕ್ಸ್ ಕಾರ್ಡು ಕೂರಿಸಿ, ಮಾನಿಟರಿನ ವಾಯರನ್ನು ಕಂಪ್ಯೂಟರಿನ ಡಬ್ಬದ ಹಿಂದೆ ಮೊದಲು ಕಂಡ ತೂತಿಗೆ ಸಿಗಿಸಿ, ಬಟನ್ ಒತ್ತಿದ. ಫ್ಯಾನು ತಿರುಗಿತು. ದೀಪ ಹತ್ತಿತು. ಪರದೆ ಮಾತ್ರ ಒಲೆಯ ಮೇಲಿನ ಹಂಚಿನಂತೆ ಕಪ್ಪಗೇ ಇತ್ತು.

"ಫ್ಯಾನ್ ತಿರಗತೈತಿ ಅಂದ್ರ ಕರೆಂಟ ಬಂತು," ಶಂಕ್ರೆಪ್ಪ ತೀರ್ಪು ಕೊಟ್ಟ. "ಚಿತ್ರ ಬರವಲ್ದು ಅಂದ್ರ ಆಂಟೆನಾ ಇಲ್ಲ."

"ಇದಕ್ಕ ಆಂಟೆನಾ ಇರೂದಿಲ್ರಿ ಕಾಕಾ."

"ಅದಕ್ಕ ಮತ್ತ, ಚಿತ್ರ ಬರವಲ್ದು!"

ಮುಂದೆ ಶಂಕ್ರೆಪ್ಪ ತನ್ನ ಮನೆಯ ಟೀವಿಗೆ ಕೊಡುವ ಔಷಧವನ್ನೇ ಇದಕ್ಕೂ ಕೊಟ್ಟ. ಮಾನಿಟರಿನ ತಲೆಯ ಮೇಲೆ ಎರಡು ಏಟು. ಅದು ಕಮಕ್ ಕಿಮಕ್ ಅನ್ನಲಿಲ್ಲ. ಸಿದ್ದರಾಮ ಎಲ್ಲ ಬಿಚ್ಚಿದ, ಮತ್ತೆ ಜೋಡಿಸಿದ. ಈ ಸಲವೂ ಚಿತ್ರ ಬರಲಿಲ್ಲ, ಮೇಲೊಂದು ತಿರುಪು ಉಳಿಯಿತು.

"ಒಂದ ಹೆಚ್ಚಾತಲ್ರಿ?" ಎಂದಳು ಶೈಲಜಾ.

"ಕಂಪನ್ಯಾವ್ರು ಹೆಚ್ಚಿಗಿ ಕೊಟ್ಟಿರ್ತಾರ. ನಿನಗ ಗೊತ್ತಾಗೂದಿಲ್ಲ, ಸುಮ್ನಿರು."

ಮಧ್ಯಾಹ್ನದ ಹೊತ್ತಿಗೆ ಓಣಿಯ ಅರ್ಧ ಜನ ಕಟ್ಟೆಯ ಮೇಲಿದ್ದರು. ಮಾನಿಟರನ್ನು ಪೂರ್ವಕ್ಕೆ ತಿರುಗಿಸಿರೆಂದು ಒಬ್ಬರು, ಗಾಳಿ ಹಾಕಿರೆಂದು ಒಬ್ಬರು. ಹೆಣದ ಮನೆಯಲ್ಲೂ ಇಷ್ಟು ಸಮಾಧಾನ ಹೇಳುವವರು ಸೇರುವುದಿಲ್ಲ. ಇದರ ನಡುವೆ ಕಾಣೆಯಾಗಿದ್ದ ಶಂಕ್ರೆಪ್ಪ ಸಂಜೆ ಓಡೋಡಿ ಬಂದ.

"ಸಿದ್ದರಾಮಾ, ನಿನ್ನ ಹೆಸರ ಮ್ಯಾಲ ತಂದೇನಿ ನೋಡು! ನಿಮ್ಮ ಚೇರ್ಮನ್ನರಿಗೆ ಹೇಳಿ ಬಂದೇನಿ. ಚಹಾಕ್ಕ ಬರಾಕ ಹತ್ತ್ಯಾರ."

ಸೊಸೈಟಿಯ ಚೇರ್ಮನ್ ಸಂಗಪ್ಪನವರಿಗೆ ಆಟವೆಂದರೆ ಆಗದು. ಹೋದ ವರ್ಷ ಊಟದ ಬಿಡುವಿನಲ್ಲಿ ಕೇರಂ ಆಡುತ್ತಿದ್ದ ಇಬ್ಬರು ಗುಮಾಸ್ತರನ್ನು ಸಿರಸಂಗಿ ಶಾಖೆಗೂ, ಕೇರಂ ಬೋರ್ಡನ್ನು ಒಲೆಗೂ ಕಳಿಸಿದ ಮನುಷ್ಯ.

ಜೀಪು ಬಂದು ನಿಂತೇಬಿಟ್ಟಿತು. ದೊಡ್ಡವರು ಬರುವಾಗ ಮಾನಿಟರಿನ ವಾಯರು ಕಾಲಿಗೆ ತೊಡರೀತೆಂದು ಕೆಂಪವ್ವ ಗಡಿಬಿಡಿಯಲ್ಲಿ ಅದನ್ನು ಕಿತ್ತಳು. ಚೇರ್ಮನ್ನರು ಹೊಸ್ತಿಲು ದಾಟಿ ಕುರ್ಚಿ ಹಿಡಿದದ್ದೇ, ಕಿತ್ತದ್ದನ್ನು ಅಳಿಯ ನೋಡುವ ಮೊದಲೇ ಕೈಗೆ ಸಿಕ್ಕ ಕೆಳಗಿನ ತೂತಿಗೆ ಸಿಗಿಸಿ, ಏನೂ ಆಗದವಳಂತೆ ಸೆರಗು ಹೊದ್ದು ನಿಂತಳು.

ಆ ಡಬ್ಬದ ಹಿಂದೆ ಅಂಥ ತೂತುಗಳು ಎರಡಿದ್ದವು. ಮೇಲಿನದು ಮದರ್‌ಬೋರ್ಡಿನದು, ಕೆಳಗಿನದು ಕಾರ್ಡಿನದು. ಕಾರ್ಡು ಹಾಕಿದ ಮೇಲೆ ಮೇಲಿನದು ಬಾಯಿ ಮುಚ್ಚಿಕೊಳ್ಳುತ್ತದೆ, ವಾಯರು ಕೆಳಗಿನದಕ್ಕೇ ಹೋಗಬೇಕು. ಬಿಡಿಸದ ಪುಸ್ತಕದ ಮೊದಲ ಪುಟದಲ್ಲೇ ಇದಿತ್ತು.

"ಹೂಂ, ಚಾಲೂ ಮಾಡಪಾ," ಎಂದರು ಸಂಗಪ್ಪನವರು.

ಸಿದ್ದರಾಮ ಕಣ್ಣು ಮುಚ್ಚಿ ಬಟನ್ ಒತ್ತಿದ. ತೆರೆದಾಗ ಪರದೆಯ ಮೇಲೆ ಬಿಳಿ ಅಕ್ಷರಗಳು! ಒಂದು ಮೂಲೆಯಲ್ಲಿ ರ‍್ಯಾಮಿನ ಅಳತೆ ತೆಗೆಯುತ್ತ ಅಂಕಿಗಳು ಭರಭರ ಏರುತ್ತಿದ್ದವು.

"ಏನೋ ಎಣಸಾಕ ಹತ್ತೈತಲ್ಲೋ?" ಚೇರ್ಮನ್ನರು ಮುಂದೆ ಬಾಗಿದರು. "ಏನ ಮಾಡೂದು ಇದು?"

ಕಾರು ಓಡಿಸೂದು ಎನ್ನಲು ಬಾಯಿ ತೆರೆದ ಸಿದ್ದರಾಮನ ಕಣ್ಣ ಮುಂದೆ ಸಿರಸಂಗಿ ಶಾಖೆ ಸುಳಿಯಿತು. "ಲೆಕ್ಕಾ ಮಾಡತೈತ್ರಿ ಸಾಹೇಬ್ರ. ನಮ್ಮ ಸೊಸೈಟಿ ಲೆಕ್ಕಾ ಮಾಡ್ಲಿ ಅಂತ ಕಟ್ಟೇನ್ರಿ."

ಒಳಗೆ ಇನ್ನೂ ಯಾವ ತಂತ್ರಾಂಶವೂ ಇಲ್ಲವೆಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ನಿಂತಿತು.

"ನಿಂತತಲ್ಲೋ?"

"ಲೆಕ್ಕಾ ತಾಳೆ ಆತ್ರಿ."

ಸಂಗಪ್ಪನವರ ಕಣ್ಣು ಒದ್ದೆಯಾಯಿತು. "ನೋಡ್ರಿ, ಇಂವಾ ನೌಕರ! ಸ್ವಂತ ಖರ್ಚಿನ್ಯಾಗ, ರಜಾ ದಿನ, ಸೊಸೈಟಿಗೆ ದಾನ! ಏ ಡ್ರೈವರ, ಎತ್ತೋ ಇದನ್ನ, ಜೀಪಿನ್ಯಾಗ ಇಡು!"

ಜನ ಚಪ್ಪಾಳೆ ತಟ್ಟಿದರು. ಶಂಕ್ರೆಪ್ಪನದು ಎಲ್ಲರಿಗಿಂತ ಜೋರು. ಕೆಂಪವ್ವ ಹೊರಟ ಡಬ್ಬಕ್ಕೆ ಆರತಿ ಎತ್ತಿದಳು. ಸಿದ್ದರಾಮನ ಕೊರಳಿಗೆ ಒಂದು ಸೇವಂತಿಗೆ ಹಾರ ಬಿತ್ತು.

"ಮತ್ತ, ಅದರ ಮುಂದ ಕುಂಡ್ರಾವ ನಾನ ಅಲ್ರಿ, ಸಾಹೇಬ್ರ?" ಜೀಪಿನ ಬಾಗಿಲು ಹಿಡಿದು ಅವನು ಕೇಳಿದ. ಆಸೆಯ ಕೊನೆಯ ಎಳೆ ಅದು.

"ಛೇ ಛೇ! ನೀ ಕಟ್ಟಾವಪಾ, ಕುಟ್ಟಾವಲ್ಲ. ಕುಟ್ಟಾಕ ವಿಜಯ ಅದಾನ, ಟೈಪಿಂಗ ಪಾಸಾಗ್ಯಾನ."

ಮುಂದಿನ ಸೋಮವಾರದೊಳಗೆ ಬೆಳಗಾಂವಿಯವರು ಬಂದು ಕಂಪ್ಯೂಟರಿಗೆ ಬೇಕಾದ್ದೆಲ್ಲ ತುಂಬಿ ಹೋಗಿದ್ದರು. ಅಂದು ಸಿದ್ದರಾಮ ಗೊಬ್ಬರದ ಚೀಟಿಗೆ ಸಹಿ ಮಾಡಿಸಲು ಹೋದರೆ ಚೇರ್ಮನ್ನರ ಕೋಣೆಯ ಬಾಗಿಲು ಹಾಕಿತ್ತು. ಒಳಗಿನಿಂದ ಗಾಲಿಗಳು ಕಿರ್ರೆಂದು ಉಜ್ಜಿದ ಸದ್ದು ಬಂತು. ಹಿಂದೆಯೇ ಸಂಗಪ್ಪನವರ ದನಿ:

"ಏ ವಿಜಯಾ, ಮುಂದಿನ ಗಾಡಿಯಾಂವ ಹಾದಿ ಬಿಡವಲ್ಲ. ಗುದ್ದಿಬಿಡ್ಲೇನೋ?"

"ಗುದ್ರಿ ಸಾಹೇಬ್ರ! ಆದ್ರ ಜರಾ ಸಾವಕಾಶ, ಹೊರಗ ಸಿದ್ದರಾಮಣ್ಣ ನಿಂತಾನ."

"ನಿಲ್ಲಲಿ ಬಿಡೋ! ಲೆಕ್ಕಾ ನಡದೈತಿ, ಪಾಳೇಕ ನಿಲ್ಲು ಅನ್ನು!"