ಟ್ಯಾಲೋ ಗ್ಯಾಪಿನ ಹೇಸರಗತ್ತೆ ಸಾರಿನ ವಿಷಯವಾಗಿ

ಚಲನಚಿತ್ರ ನಿರ್ದೇಶಕರಾದ ಮಹಾಶಯ ಗ್ರೇಡನ್ ವೈಕಾಫ್ ಅವರ ಸನ್ನಿಧಾನಕ್ಕೆ, ಸಿಯೆರಾ ಬೆಟ್ಟದ ಮೇಲಿನ ಟ್ಯಾಲೋ ಗ್ಯಾಪ್ ಎಂಬ ಊರಿನಿಂದ ರೋಲೀನ್ ಥ್ಯಾಕರ್ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರೆಂದೂ ನಂಬಿದ್ದೇನೆ. ಯಾರಿಗೆ ಪತ್ರ ಬರೆದರೂ ಮೊದಲು ಊಟದ ವಿಚಾರ ಕೇಳುವುದು ನಮ್ಮೂರಿನ ವಾಡಿಕೆ, ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ. ನೂರೆಪ್ಪತ್ತು ವರ್ಷದ ಹಿಂದೆ ನಮ್ಮೂರ ಕೋಟೆಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದ ಜನ ಸತ್ತವರನ್ನು ತಿಂದು ಬದುಕಿದ ಕಥೆಯನ್ನು ತಾವು ನಗಿಸುತ್ತಾ, ನಡುನಡುವೆ ಹೆದರಿಸುತ್ತಾ ಹೇಳಿರುವ ಚಿತ್ರ ದೇಶದ ಉದ್ದಗಲಕ್ಕೂ ಭರ್ಜರಿಯಾಗಿ ಓಡುತ್ತಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಬದುಕಿದ್ದಾಗ ಒಂದು ಕಂಬಳಿಗೂ ಗತಿಯಿಲ್ಲದಿದ್ದ ನಮ್ಮ ಹಿರಿಯರಿಗೆ ಸತ್ತ ಮೇಲೆ ಇಷ್ಟು ಜನರ ಚಪ್ಪಾಳೆ ಕೊಡಿಸಿದ ತಮ್ಮ ಉಪಕಾರವನ್ನು ನಾವು ಹೇಗೆ ತೀರಿಸುವುದೆಂದು ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಸಣ್ಣಪುಟ್ಟ ಸಂಗತಿಗಳನ್ನು ಮುಗಿಸಿಬಿಡುತ್ತೇನೆ. ತಾವು ಶೂಟಿಂಗಿಗೆ ಬಂದ ಏಪ್ರಿಲ್‌ನಲ್ಲಿ ನಮ್ಮಲ್ಲಿ ಇನ್ನೂ ಮೊಣಕಾಲುದ್ದ ಹಿಮವಿತ್ತು. ಅದು ಹಿಮದ ಹಾಗೆ ಕಾಣುತ್ತಿಲ್ಲವೆಂದು ತಾವು ಅದನ್ನು ಸಲಿಕೆಯಲ್ಲಿ ಬದಿಗೆ ಸರಿಸಿ, ಎರಡು ಲಾರಿ ಸಾಬೂನಿನ ನೊರೆ ತರಿಸಿ ಹರಡಿದಿರಿ. ತಪ್ಪು ನಮ್ಮ ಹಿಮದ್ದೇ ಎಂದು ಒಪ್ಪಿಕೊಳ್ಳುತ್ತೇನೆ. ಆ ನೊರೆಯಲ್ಲಿ ಕೋಟೆಯ ಅಡುಗೆಯವಳಾದ ನಮ್ಮ ಮುತ್ತಜ್ಜಿಯ ಅಜ್ಜಿ ಕೆಜಾಯಾ ಥ್ಯಾಕರ್ ಎರಡೂ ಭುಜ ಕಾಣುವ ಅಂಗಿ ತೊಟ್ಟು ಓಡಾಡುತ್ತಾಳೆ, ನಾಲ್ಕು ತಿಂಗಳ ಉಪವಾಸದ ಕೊನೆಯಲ್ಲೂ ಅವಳ ಹಲ್ಲುಗಳು ಸಾಲಾಗಿ ಹೊಳೆಯುತ್ತವೆ. ನರಮಾಂಸ ತಿಂದ ಕೋಟೆಯ ಕ್ಯಾಪ್ಟನ್ನನ ಬೊಕ್ಕತಲೆಯಲ್ಲಿ ಕೂದಲು ಮೊಳೆತು, ಅವನು ಮೇಜಿನ ಮೇಲೆ ಹತ್ತಿ ಪಿಟೀಲು ಬಾರಿಸುವಷ್ಟು ಹುರುಪಾಗುತ್ತಾನೆ. ಊರಿನ ಒಂದೇ ಕೋಣೆಯ ಮ್ಯೂಸಿಯಮ್ಮಿನ ಬೀಗದ ಕೈ ನನ್ನ ಹತ್ತಿರವೇ ಇರುವುದರಿಂದ, ಆ ಚಳಿಗಾಲದ ಕೋಟೆಯ ವೈದ್ಯರ ಟಿಪ್ಪಣಿಯನ್ನು ಮತ್ತೊಮ್ಮೆ ತೆರೆದು ನೋಡಿದೆ. ನಮ್ಮವರಿಗೆ ಕೂದಲು ಬಂದ ಬಗ್ಗೆ ಏನೂ ಇಲ್ಲ. ಭೇದಿಯಾದ ಬಗ್ಗೆ ಒಂಬತ್ತು ಪುಟ ಇದೆ. ಮುಂದಿನ ಚಿತ್ರದಲ್ಲಿ ಆ ಒಂಬತ್ತು ಪುಟಗಳನ್ನು ಬಳಸಿಕೊಳ್ಳಲು ನಮ್ಮ ಸಂಪೂರ್ಣ ಒಪ್ಪಿಗೆಯಿದೆ.

ಇನ್ನು ಆ ಹೆಸರಾಂತ ಔತಣದ ದೃಶ್ಯ. ಊರಿನ ನಲವತ್ತು ಜನರಿಗೆ ಹಳೇ ಕಾಲದ ಬಟ್ಟೆ ತೊಡಿಸಿ ತಾವು ಉದ್ದನೆಯ ಮೇಜಿಗೆ ಕೂರಿಸಿದಿರಿ. ಹಂದಿಮಾಂಸ, ಬ್ರೆಡ್ಡಿನ ಹಿಟ್ಟು, ಕಾಕಂಬಿಯಿಂದ ಮಾಡಿ, ಕಾಲ್ಬೆರಳ ಉಗುರು ಸಹಿತ ಕೆತ್ತಿದ ಮನುಷ್ಯನ ಕಾಲೊಂದನ್ನು ತಮ್ಮ ಚಿತ್ರದ ಆಟದ ಸಾಮಾನು ನೋಡಿಕೊಳ್ಳುವ ಸಾಮಾನಿನವರು ತಂದಿಟ್ಟು, ಕಚ್ಚಿದ ಹಾಗೆ ಮಾಡಿದರೆ ಸಾಕೆಂದು ಹೇಳಿಹೋದರು. ಆದರೆ ಟ್ಯಾಲೋ ಗ್ಯಾಪಿನಲ್ಲಿ ತಟ್ಟೆಗೆ ಬಿದ್ದದ್ದನ್ನು ಮುಗಿಸದೆ ಯಾರೂ ಮೇಜು ಬಿಟ್ಟು ಏಳುವುದಿಲ್ಲ. ಕೆಜಾಯಾಳ ಕಾಲದಿಂದ ಬಂದ ಕಟ್ಟುಪಾಡು ಅದು. ಮದುವೆ ಮುರಿದರೂ ನಮ್ಮಲ್ಲಿ ಕ್ಷಮೆಯಿದೆ, ಎಂಜಲು ಬಿಟ್ಟರೆ ಇಲ್ಲ. ತಾವು ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಕಾಲು ಮುಗಿದು ಒಳಗಿದ್ದ ತಂತಿ ಮಾತ್ರ ಉಳಿದಿತ್ತು. ಸಾಮಾನಿನವರು ತಲೆ ಮೇಲೆ ಕೈಹೊತ್ತು, "ಅಯ್ಯೋ, ಅದು ತಿನ್ನೋದಲ್ಲ ಕಣ್ರೀ! ಆಟದ ಸಾಮಾನು!" ಎಂದು ಕೂಗಿಕೊಂಡರು. ಹಿಮ ತೆಗೆಯುವ ಗಾಡಿ ಓಡಿಸಿ ನಿವೃತ್ತನಾದ, ಊರಿಗೆಲ್ಲ ಹಿರಿಯನಾದ ಡೆಲ್ಬರ್ಟ್ ಪೀಸ್ಲಿ ಮೀಸೆ ಒರೆಸಿಕೊಂಡು, "ತಟ್ಟೆಗೆ ಹಾಕಿದ್ಮೇಲೆ ಆಟದ್ದೇನ್ ಬಂತು ಸ್ವಾಮಿ? ಉಪ್ಪು ಒಂಚೂರು ಮುಂದಿರ್ಬೇಕಿತ್ತು ನೋಡಿ" ಎಂದ. ಆರು ಟೇಕ್ ಆಯಿತು, ಆರು ಕಾಲು ಮುಗಿಯಿತು. ಆ ಹಸಿವಿನ ಅಭಿನಯ ಅಸಾಧಾರಣ ಎಂದು ವಿಮರ್ಶಕರು ಬರೆದಿದ್ದಾರೆ. ಅಭಿನಯ ಮಾಡಿದವರು ಯಾರೆಂದು ನಾವು ಇನ್ನೂ ಹುಡುಕುತ್ತಿದ್ದೇವೆ.

ಇವೆಲ್ಲ ದೂರುಗಳೆಂದು ಭಾವಿಸಬೇಡಿ. ದೂರು ಇರುವುದು ಒಂದೇ, ಅದು ನನ್ನ ತಾಯಿ ಲುವೆಲ್ಲಾಳಿಗೆ ಸಂಬಂಧಪಟ್ಟದ್ದು.

ತಮಗೆ ಅವಳ ನೆನಪಿರಬಹುದು. ಅಡುಗೆಮನೆಯ ಕಿಟಕಿಯ ಪಕ್ಕ ತಮ್ಮನ್ನು ಕೂರಿಸಿ ಸಾರು ಬಡಿಸಿದ, ಈಗ ಎಂಬತ್ತೊಂದು ವರ್ಷದ ಮುದುಕಿ. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲನೇ ಶನಿವಾರ, ಅಂದರೆ ಕೋಟೆಗೆ ನೆರವಿನ ಗಾಡಿಗಳು ಬಂದು ಮುಟ್ಟಿದ ದಿನ, ಊರೆಲ್ಲ ಚರ್ಚಿನ ಹಜಾರದಲ್ಲಿ ಸೇರಿ ಒಟ್ಟಿಗೆ ಊಟ ಮಾಡುತ್ತೇವೆ. ಯಾರು ಏನು ಬೇಕಾದರೂ ತರಬಹುದು, ಆದರೆ ಸಾರಿನ ಪಾತ್ರೆ ಮಾತ್ರ ಥ್ಯಾಕರ್ ಮನೆಯ ಹೆಂಗಸಿನದು. ಅವಳು ಮೊದಲ ಸೌಟು ಎತ್ತಿದಾಗ ಮೇಜಿನಲ್ಲಿ ಹಿರಿಯರಾದವರು "ಏನಿದು?" ಎಂದು ಕೇಳಬೇಕು. ಅವಳು "ಹೇಸರಗತ್ತೆ" ಎನ್ನಬೇಕು. ಎಲ್ಲರೂ ಒಟ್ಟಾಗಿ "ಒಳ್ಳೇ ಹೇಸರಗತ್ತೆ" ಎಂದು ತಲೆಬಾಗಿಸಿ, ಪಾತ್ರೆಯ ತಳ ಕಾಣುವವರೆಗೆ ಉಣ್ಣಬೇಕು.

ಕೋಟೆಯಲ್ಲಿದ್ದ ಮೂರು ಹೇಸರಗತ್ತೆಗಳು ಕ್ರಿಸ್‌ಮಸ್ಸಿಗೇ ಮುಗಿದಿದ್ದವೆಂಬುದು ನಮ್ಮೂರಿನ ಪ್ರತಿಯೊಬ್ಬರಿಗೂ ಗೊತ್ತು. ಕೋಟೆಯೊಳಗಿದ್ದವರಿಗೂ ಗೊತ್ತಿತ್ತು. ಆದರೂ ಅವರು ದಿನಾ ಕೇಳಿದರು, ಕೆಜಾಯಾ ದಿನಾ ಅದೇ ಉತ್ತರ ಕೊಟ್ಟಳು. ಕೇಳಿದವರು ನಂಬಿದ ಹಾಗಿದ್ದು ಉಂಡರು, ಹದಿನಾಲ್ಕು ಜನ ಬದುಕಿದರು. ಹಸಿವು ರುಚಿ ಅರಿಯದು ಎನ್ನುತ್ತಾರೆ. ಮಾನ ಮಾತ್ರ ಅರಿಯುತ್ತದೆ, ಅದಕ್ಕೊಂದು ಹೇಸರಗತ್ತೆ ಬೇಕಾಯಿತು. ನಾವೆಲ್ಲ ಆ ಹದಿನಾಲ್ಕು ಜನರ ಮಕ್ಕಳು ಮೊಮ್ಮಕ್ಕಳು. ಆ ಒಂದು ಸುಳ್ಳಿಗೆ ವರ್ಷಕ್ಕೊಮ್ಮೆ ನಮಸ್ಕಾರ ಹಾಕುವುದನ್ನು ಬಿಟ್ಟರೆ ಈ ಊರಿಗೆ ಬೇರೆ ದೊಡ್ಡ ಸಂಪ್ರದಾಯವಿಲ್ಲ.

ಇನ್ನೊಂದು ಸಂಗತಿ ಊರಿಗೂ ಗೊತ್ತಿರಲಿಲ್ಲ. ಅದು ಥ್ಯಾಕರ್ ಮನೆಯಲ್ಲಿ ತಾಯಿಯಿಂದ ಮಗಳಿಗೆ ಮಾತ್ರ ದಾಟಿ ಬಂದದ್ದು. ಫೆಬ್ರವರಿಯ ನಡುವೆ ಕೆಜಾಯಾಳ ಗಂಡ ಆನ್ಸೆಲ್ ತೀರಿಕೊಂಡ. ಮರುದಿನವೂ ಅವಳು ಒಲೆ ಹಚ್ಚಿದಳು. ಅಂದೂ ಕೇಳಿದರು, ಅಂದೂ "ಹೇಸರಗತ್ತೆ" ಎಂದಳು, ಧ್ವನಿ ನಡುಗಲಿಲ್ಲ. ಅಂದು ತಾನು ಮಾತ್ರ ಬಟ್ಟಲು ಹಿಡಿಯಲಿಲ್ಲ. ನನಗೆ ಇದನ್ನು ಹೇಳುವ ಮೊದಲು ಅಮ್ಮ ಮೂವತ್ತು ವರ್ಷ ಕಾದಿದ್ದಳು. ತಮಗೆ ಒಂದೇ ಮಧ್ಯಾಹ್ನದಲ್ಲಿ ಹೇಳಿದಳು. ಕಾರಣವಿಷ್ಟೇ: ತಾವು ಮೂರು ಬಟ್ಟಲು ಸಾರು ಉಂಡು, ಕೊನೆಯದನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದಿರಿ. ತಾವು ಕಾರು ಹತ್ತಿದ ಮೇಲೆ ನಾನು ಸಿಡಿಮಿಡಿಗೊಂಡೆ. "ಇರ್ಲಿ ಬಿಡೇ" ಎಂದಳು, "ಬಟ್ಟಲು ನೋಡಿದ್ಯಾ? ತೊಳೆದಿಟ್ಟಂಗಿತ್ತು. ಹಂಗೆ ಉಂಡೋನು ಕೆಟ್ಟೋನಾಗಿರಲ್ಲ." ಬಟ್ಟಲು ನೋಡಿ ಮನುಷ್ಯನನ್ನು ಅಳೆಯುವುದು ನಮ್ಮೂರಿನ ಹಳೆಯ ದಡ್ಡತನ. ಬೇರೆ ಊರುಗಳಲ್ಲಿ ಬರೀ ಹೊಟ್ಟೆಬಾಕರೂ ಬಟ್ಟಲು ಒರೆಸುತ್ತಾರೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಿತ್ರ ಕೆಳಗಿನ ಪೇಟೆಯ ಥಿಯೇಟರಿಗೆ ಬಂದಾಗ ಅಮ್ಮ ಚರ್ಚಿಗೆ ಹೋಗುವ ನೀಲಿ ಕೋಟು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಹೊರಟಳು. ಉಗುರಿನ ಕಾಲು ಬಂದಾಗ ನಕ್ಕಳು, ಡೆಲ್ಬರ್ಟ್ ತೆರೆಯ ಮೇಲೆ ಬಂದಾಗ ಮೊಣಕೈಯಿಂದ ತಿವಿದಳು. ಆಮೇಲೆ ಆನ್ಸೆಲ್ ಸತ್ತ. ತೆರೆಯ ಮೇಲಿನ ಕೆಜಾಯಾ ಗಂಡನ ಬೂಟುಗಳನ್ನು ಪಕ್ಕಕ್ಕೆ ಎಸೆದು, ಪಾತ್ರೆಗೆ ಉಪ್ಪು ಉದುರಿಸಿ, "ಹೇಸರಗತ್ತೆ" ಎಂದು ನಮ್ಮೆಲ್ಲರ ಕಡೆ ತಿರುಗಿ ಕಣ್ಣು ಹೊಡೆದಳು. ಇಡೀ ಚಿತ್ರದಲ್ಲಿ ಜನ ಅಷ್ಟು ನಕ್ಕದ್ದು ಅಲ್ಲಿಯೇ. ಪಕ್ಕದ ಸಾಲಿನವನಿಗೆ ನಕ್ಕು ನಕ್ಕು ಕೆಮ್ಮು ಬಂತು. ಅಮ್ಮ ನನ್ನ ಕೈ ಹಿಡಿದುಕೊಂಡದ್ದು ನನಗೆ ಎಂಟು ವರ್ಷವಾಗಿದ್ದಾಗ ಕೊನೆ, ಅಂದು ಮತ್ತೆ ಹಿಡಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮನೆಗೆ ಬರುವ ದಾರಿಯಲ್ಲಿ ಹೇಳೋಣವೆಂದಿದ್ದೆ, ಹೇಳಲಾಗಲಿಲ್ಲ. ನನಗೆ ತಮ್ಮ ಮೇಲೆ ಬಂದಷ್ಟು ಸಿಟ್ಟು ನನ್ನನ್ನು ಬಿಟ್ಟುಹೋದ ಗಂಡನ ಮೇಲೂ ಬಂದಿರಲಿಲ್ಲ.

ಈ ವರ್ಷದ ಮಾರ್ಚ್ ಊಟಕ್ಕೆ ಅಮ್ಮ ಎಂದಿನಂತೆ ಪಾತ್ರೆ ಹೊತ್ತು ಬಂದಳು. ತಮ್ಮ ಚಿತ್ರದ ಅಭಿಮಾನಿಗಳು ಹನ್ನೆರಡು ಜನ ದೂರದಿಂದ ಕಾರು ಮಾಡಿಕೊಂಡು ಬಂದಿದ್ದರು. ಅತಿಥಿಗಳನ್ನು ಬಾಗಿಲಿನಿಂದ ವಾಪಸು ಕಳಿಸುವುದು ನಮ್ಮ ಪದ್ಧತಿಯಲ್ಲ, ಕೊನೆಯ ಮೇಜಿಗೆ ಕೂರಿಸಿದೆವು. ಎಲ್ಲರ ಟೀ ಶರ್ಟಿನ ಎದೆಯ ಮೇಲೂ ಆ ಒಂದು ಮಾತು, ಅದರ ಕೆಳಗೆ ಕಣ್ಣು ಹೊಡೆಯುವ ಹೆಂಗಸು. ಅಮ್ಮ ಸೌಟು ಎತ್ತಿದಳು. ಡೆಲ್ಬರ್ಟ್ ಗಂಟಲು ಸರಿಮಾಡಿಕೊಂಡು, "ಏನಿದು, ಲುವೆಲ್ಲಾ?" ಎಂದ. ಅಮ್ಮ ಉತ್ತರ ಕೊಟ್ಟಳು. ಕೊನೆಯ ಮೇಜು ಘೊಳ್ಳೆಂದಿತು, ಯಾರೋ ಶಿಳ್ಳೆ ಹಾಕಿದರು. ಅದನ್ನು ಸಹಿಸಬಹುದಿತ್ತು. ಆದರೆ ನಗು ಒಂದೊಂದೇ ಮೇಜು ದಾಟಿ ನಮ್ಮವರ ತನಕ ಬಂತು. ಅಂಚೆ ಕಚೇರಿಯ ಜನ, ನನ್ನ ಸ್ವಂತ ಸೋದರತ್ತೆಯ ಮಗಳು, ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಕ್ಕರು. "ಏ ಲುವೆಲ್ಲಾ ಆಂಟಿ, ಒಂದ್ಸಲ ಕಣ್ಣು ಹೊಡೀರಿ!" ಎಂದು ಯಾರೋ ಕೂಗಿದರು. ಅಮ್ಮ ಸೌಟನ್ನು ಪಾತ್ರೆಗೆ ಮರಳಿ ಬಿಟ್ಟಳು. ಆಮೇಲೆ ಯಾರಿಗೂ ಬಟ್ಟಲು ಮುಂದೆ ಚಾಚುವ ಮುಖವಿರಲಿಲ್ಲ. ಒಬ್ಬೊಬ್ಬರೇ ಎದ್ದು ಸಲಾಡಿನ ಕಡೆ ಹೋದರು. ಡೆಲ್ಬರ್ಟ್ ಮಾತ್ರ ಬಟ್ಟಲನ್ನು ಎದುರಿಗಿಟ್ಟುಕೊಂಡು ಕೂತಿದ್ದ, ಬಡಿಸುವ ಕೈಯೇ ಮೇಲೆ ಬರಲಿಲ್ಲ.

ನೂರೆಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿ ಆ ಪಾತ್ರೆ ತುಂಬಿದ್ದು ತುಂಬಿದ ಹಾಗೆ ಮನೆಗೆ ಬಂತು. ಚೆಲ್ಲುವ ಹಾಗಿಲ್ಲವಲ್ಲ, ನಾವಿಬ್ಬರೇ ಹನ್ನೊಂದು ದಿನ ತಿಂದೆವು. ಹನ್ನೊಂದನೇ ದಿನ ಅಮ್ಮ ಪಾತ್ರೆ ತೊಳೆದು, ಅಟ್ಟದ ಮೇಲೆ ಬೋರಲು ಹಾಕಿ, "ಸಾಕು ಕಣೆ. ಮುಂದಿನ ವರ್ಷ ಪಿಜ್ಜಾ ತರಿಸ್ಕೊಳ್ಲಿ ಎಲ್ಲಾರೂ" ಎಂದಳು. ಅಂದಿನಿಂದ ಅವಳು ಸಾರು ಮಾಡಿಲ್ಲ. ತಿನ್ನುವುದೂ ಅರ್ಧವಾಗಿದೆ. ಮೊನ್ನೆ ತಟ್ಟೆಯಲ್ಲಿ ಅರ್ಧದಷ್ಟು ಆಲೂಗಡ್ಡೆ ಬಿಟ್ಟು ಎದ್ದಳು. ನಾನೇ ಅದನ್ನು ತಿಂದುಬಿಟ್ಟೆ.

ಆದಕಾರಣ, ಮಾನ್ಯರೇ, ತಾವು ದಯಮಾಡಿ ದೇಶದ ಎಲ್ಲಾ ಥಿಯೇಟರುಗಳಿಗೆ ಆಳು ಕಳಿಸಿ, ಆ ದೃಶ್ಯಕ್ಕೆ ಜನ ನಕ್ಕ ನಗುವನ್ನೆಲ್ಲ ಗುಡಿಸಿ, ಸೂಕ್ತ ಡಬ್ಬಿಗಳಲ್ಲಿ ತುಂಬಿ ವಾಪಸು ತರಿಸಿಕೊಳ್ಳಬೇಕೆಂದು ಕೋರುತ್ತೇನೆ. ಅದು ಕಷ್ಟವಾದರೆ, ಇದುವರೆಗೆ ಚಿತ್ರ ನೋಡಿದವರೆಲ್ಲರನ್ನೂ ಒಂದು ಚಳಿಗಾಲದ ಮಟ್ಟಿಗೆ ನಮ್ಮ ಕೋಟೆಯಲ್ಲಿ ಕೂಡಿಹಾಕಲು ಏರ್ಪಾಡು ಮಾಡಿಕೊಡಿ, ಹೇಸರಗತ್ತೆಗಳನ್ನು ಮೂರಕ್ಕಿಂತ ಹೆಚ್ಚು ಕಳಿಸಬೇಡಿ. ಸಾಬೂನಿನ ನೊರೆ ಬೇಕಿಲ್ಲ, ಹಿಮ ನಮ್ಮಲ್ಲೇ ಇದೆ. ಆನ್ಸೆಲ್‌ನ ಬೂಟುಗಳು ಮ್ಯೂಸಿಯಮ್ಮಿನಲ್ಲಿವೆ. ಕೆಜಾಯಾ ಅವನ್ನು ಎಸೆದಿರಲಿಲ್ಲ, ಸಾಯುವವರೆಗೆ ಪ್ರತಿ ವಸಂತದಲ್ಲೂ ಅವಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಬಿಡುವಾದಾಗ ಬಂದು ತಾವೂ ಒಮ್ಮೆ ಹಚ್ಚಿಹೋಗಬಹುದು.

ಇವು ಯಾವುವೂ ಆಗದಿದ್ದಲ್ಲಿ ಆಗುವಂಥದ್ದೊಂದು ಇದೆ. ಉಂಡ ಮನೆಯ ಜಂತೆ ಎಣಿಸಿದವರಿಗೂ ಅದೇ ಮನೆಯಲ್ಲಿ ಇನ್ನೊಂದು ಊಟವಿರುತ್ತದೆ. ಬರುವ ಮಾರ್ಚ್ ಮೊದಲನೇ ಶನಿವಾರ ತಾವು ನಮ್ಮ ಹಜಾರಕ್ಕೆ ಬಂದು, ಡೆಲ್ಬರ್ಟನ ಪಕ್ಕದಲ್ಲಿ ಕೂತು, ಅಮ್ಮ ಸೌಟು ಎತ್ತಿದಾಗ ಊರೆಲ್ಲ ಕೇಳುವಂತೆ ತಾವೇ ಆ ಪ್ರಶ್ನೆ ಕೇಳಬೇಕು. ಅವಳು ಉತ್ತರಿಸಿದಾಗ ಮುಖದ ಒಂದು ಗೆರೆಯೂ ಅಲುಗದಂತೆ ತಲೆಬಾಗಿಸಿ, ತಳ ಕಾಣುವವರೆಗೆ ಉಣ್ಣಬೇಕು. ತಮ್ಮನ್ನು ನೋಡಿ ನಮ್ಮವರೂ ಬಟ್ಟಲು ಚಾಚುತ್ತಾರೆ, ಅವರಿಗೂ ನಾಚಿಕೆ ಇದೆ. ಅಮ್ಮನಿಗೆ ಎಂಬತ್ತೊಂದು, ಇನ್ನೆಷ್ಟು ಮಾರ್ಚ್ ಉಳಿದಿವೆಯೋ ತಿಳಿಯದು. ಅವಳ ಪಾತ್ರೆ ಒಮ್ಮೆ ಖಾಲಿಯಾಗಿ ಮನೆಗೆ ಬಂದರೆ ನನಗೆ ಬೇರೇನೂ ಬೇಡ.

ಬಟ್ಟಲು ಒರೆಸಿ ಉಂಡವರಲ್ಲಿ ಇನ್ನೊಂದು ಸಲ ನಂಬಿಕೆಯಿಡಲು ಹಟ ತೊಟ್ಟಿರುವ,

ತಮ್ಮ ವಿಶ್ವಾಸಿ,
ರೋಲೀನ್ ಥ್ಯಾಕರ್

ಮರೆತ ಮಾತು: ತಮಗೆ ಪತ್ರ ಬರೆಯುತ್ತಿದ್ದೇನೆಂದು ತಿಳಿದು ಅಮ್ಮ ಇಂದು ಬೆಳಿಗ್ಗೆ ತಾನೇ ಏಣಿ ಹತ್ತಿ ಪಾತ್ರೆ ಇಳಿಸಿದಳು. ತಮ್ಮ ಬಗ್ಗೆ ಕೇಳಿದ್ದು ಒಂದೇ: "ಆಗ ಕಡ್ಡಿಯಂಗಿದ್ದ ಪಾಪ. ಈಗೇನಾದ್ರೂ ಮೈಕೈ ತುಂಬ್ಕೊಂಡಿದಾನಾ?" ಬರುವಾಗ ತಾವು ಒಬ್ಬರೇ ಬಂದರೆ ಸಾಕು, ಏನನ್ನೂ ತರುವುದು ಬೇಡ. ಸಾರಿಗೆ ಏನು ಹಾಕುತ್ತೀರೆಂದು ಎಷ್ಟು ಸಲ ಕೇಳಿದರೂ ಅವಳು ಕೊಡುವ ಉತ್ತರ ತಮಗೆ ಗೊತ್ತೇ ಇದೆ. ಟ್ಯಾಲೋ ಗ್ಯಾಪಿನಲ್ಲಿ ಈಗ ಒಂದೂ ಹೇಸರಗತ್ತೆ ಇಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.